ಯುದ್ಧ ಬಂದಾಗ ಸಾಮಾನ್ಯ ಜನರನ್ನು ಕೂಡಿಹಾಕಿದರೆ ಒಳಗಿನ ಬದುಕು ಹೇಗಿರುತ್ತದೆ? ಮನಿಲಾದ ಸ್ಯಾಂಟೊ ಟೋಮಸ್ ಕ್ಯಾಂಪಿನ ಕಥೆ

ಎಲ್ಲೋ ಯುದ್ಧ ಶುರುವಾಯಿತು ಅಂತ ಟಿವಿಯಲ್ಲಿ ಬಂದರೆ ಸಾಕು, ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಫೋನ್ ಕೆಳಗಿಡುವುದೇ ಇಲ್ಲ. ವಿಮಾನ ಇದೆಯಾ, ಟಿಕೆಟ್ ಸಿಕ್ತಾ, ರಾಯಭಾರ ಕಚೇರಿಯವರು ಏನಂದ್ರು? ಈ ಪ್ರಶ್ನೆಗಳ ಹಿಂದೆ ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಇರುತ್ತದೆ. ಅಲ್ಲೇ ಸಿಕ್ಕಿಹಾಕಿಕೊಂಡು, ಆ ದೇಶದ ಲೆಕ್ಕದಲ್ಲಿ ನಮ್ಮವರೇ ಶತ್ರುಗಳಾಗಿಬಿಟ್ಟರೆ? ಬಂದೂಕು ಮುಟ್ಟದ, ಸುಮ್ನೆ ಕೆಲಸ ಮಾಡಿಕೊಂಡಿದ್ದ ಜನರನ್ನು ಏನು ಮಾಡುತ್ತಾರೆ?

ಎರಡೂ ಮಹಾಯುದ್ಧಗಳಲ್ಲಿ ಹೆಚ್ಚಿನ ದೇಶಗಳು ಮಾಡಿದ್ದು ಒಂದೇ ಕೆಲಸ. ಅಂಥವರನ್ನು ಹಿಡಿದು ಒಂದು ಕಡೆ ಕೂಡಿಹಾಕಿದವು. ಒಳಗೆ ಅವರು ಏನು ತಿಂದರು, ಎಲ್ಲಿ ಮಲಗಿದರು, ದಿನ ಹೇಗೆ ದೂಡಿದರು ಎಂಬುದಕ್ಕೆ ಚೆನ್ನಾಗಿ ದಾಖಲಾಗಿರುವ ಒಂದು ಉದಾಹರಣೆ ಫಿಲಿಪೀನ್ಸ್‌ನ ರಾಜಧಾನಿ ಮನಿಲಾದ ಸ್ಯಾಂಟೊ ಟೋಮಸ್ ಕ್ಯಾಂಪ್. 1942ರ ಜನವರಿಯಿಂದ 1945ರ ಫೆಬ್ರವರಿವರೆಗೆ ಅದು ನಡೆಯಿತು.

ಯುದ್ಧಕೈದಿಗಳೇ ಬೇರೆ, ಇವರೇ ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ರಣರಂಗದಲ್ಲಿ ಸೆರೆಸಿಕ್ಕ ಸೈನಿಕ ಯುದ್ಧಕೈದಿ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿ ಕಡೆ ಬ್ರಿಟಿಷರು ಇಟ್ಟಿದ್ದ ಇಟಲಿಯವರು ಆ ಸಾಲಿನವರು. ನಾವು ಹೇಳುತ್ತಿರುವವರು ಸೈನಿಕರಲ್ಲ. ವ್ಯಾಪಾರಿ, ಮೇಷ್ಟ್ರು, ಪಾದ್ರಿ, ಎಂಜಿನಿಯರ್, ಅವರ ಹೆಂಡತಿ ಮಕ್ಕಳು. ಅವರು ಮಾಡಿದ ತಪ್ಪು ಏನೂ ಇಲ್ಲ. ಕೇಸಿಲ್ಲ, ಕೋರ್ಟಿಲ್ಲ, ಶಿಕ್ಷೆಯ ಅವಧಿಯೂ ಇಲ್ಲ. ಪಾಸ್‌ಪೋರ್ಟ್ ಶತ್ರುದೇಶದ್ದು, ಅಷ್ಟೇ ಕಾರಣ. ಗೂಢಚಾರಿಕೆ ಮಾಡಿಬಿಟ್ಟರೆ, ತಮ್ಮ ಸೈನ್ಯಕ್ಕೆ ಸಹಾಯ ಮಾಡಿಬಿಟ್ಟರೆ ಎಂಬ ಅನುಮಾನದ ಮೇಲೆ ಇಡೀ ಗುಂಪನ್ನೇ ಹಿಡಿದಿಡುತ್ತಾರೆ.

ಇದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಮಂಗಳೂರು ಹೆಂಚು ಅಂದರೆ ನೆನಪಾಗುವ ಬಾಸೆಲ್ ಮಿಷನ್ನಿನಲ್ಲಿ ಜರ್ಮನ್ನರು ಬಹಳ ಮಂದಿ ಇದ್ದರು. ಮೊದಲನೇ ಮಹಾಯುದ್ಧ ಬಂದಾಗ ಭಾರತದಲ್ಲಿದ್ದ ಜರ್ಮನ್ ನಾಗರಿಕರನ್ನು ಬ್ರಿಟಿಷ್ ಸರ್ಕಾರ ಅಹಮದ್‌ನಗರದ ಕ್ಯಾಂಪಿಗೆ ಕಳಿಸಿತು, ಮಿಷನ್ನಿನವರೂ ಅದರಲ್ಲಿ ಸೇರಿದ್ದರು. ಮಿಷನ್ನಿನ ಕಾರ್ಖಾನೆಗಳು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಎರಡನೇ ಯುದ್ಧದಲ್ಲಿ ಅಮೆರಿಕ ತನ್ನ ನೆಲದಲ್ಲಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಕ್ಯಾಂಪುಗಳಿಗೆ ಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಅಂದರೆ ಇದು ಒಂದೇ ಪಕ್ಷದವರು ಮಾಡಿದ ಕೆಲಸ ಅಲ್ಲ. ಫಿಲಿಪೀನ್ಸ್‌ನಲ್ಲೂ ಮೊದಲು ಒಳಗೆ ಹೋದವರು ಅಲ್ಲಿದ್ದ ಜಪಾನಿ ನಾಗರಿಕರು. 1941ರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಅವರನ್ನು ಹಿಡಿದಿಟ್ಟಿದ್ದರು. ಕೆಲವೇ ವಾರಗಳಲ್ಲಿ ಪಾತ್ರಗಳು ಅದಲುಬದಲಾದವು.

ಮೂರು ದಿನಕ್ಕೆ ಆಗುವಷ್ಟು ಬಟ್ಟೆ

ಆಗ ಫಿಲಿಪೀನ್ಸ್ ಅಮೆರಿಕದ ಆಡಳಿತದಲ್ಲಿತ್ತು. ಹಾಗಾಗಿ ಮನಿಲಾದಲ್ಲಿ ಸಾವಿರಾರು ಅಮೆರಿಕನ್ನರು, ಬ್ರಿಟಿಷರು ನೆಲೆಸಿದ್ದರು. ಆಳುಕಾಳು, ಕ್ಲಬ್ಬು, ಕಾರು ಅಂತ ಅನುಕೂಲವಾಗಿದ್ದ ಜೀವನ. 1942ರ ಜನವರಿ 2ರಂದು ಜಪಾನಿ ಸೈನ್ಯ ಊರಿನೊಳಗೆ ಬಂತು. ಎರಡೇ ದಿನದಲ್ಲಿ ಇವರನ್ನೆಲ್ಲ ಲಾರಿ, ಬಸ್ಸುಗಳಲ್ಲಿ ತುಂಬಿ ಸ್ಯಾಂಟೊ ಟೋಮಸ್ ವಿಶ್ವವಿದ್ಯಾಲಯಕ್ಕೆ ಸಾಗಿಸುವುದು ಶುರುವಾಯಿತು. 1611ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಊರಿನ ನಡುವೆ ದೊಡ್ಡ ಆವರಣ ಇತ್ತು, ಸುತ್ತ ಗೋಡೆ, ಬೇಲಿ. ಕಾವಲಿಗೆ ಅನುಕೂಲ ಅಂತ ಅದನ್ನೇ ಆರಿಸಿಕೊಂಡರು.

ಹೊರಡುವಾಗ ಹೇಳಿದ್ದು ಇಷ್ಟೇ: ಮೂರು ದಿನಕ್ಕೆ ಆಗುವಷ್ಟು ಊಟ, ಬಟ್ಟೆ ತಗೊಳ್ಳಿ. ಕೆಲವರು ನಿಜವಾಗಿಯೂ ಅಷ್ಟನ್ನೇ ತಂದರು. ಹಾಸಿಗೆ, ಸೊಳ್ಳೆಪರದೆ ಕಟ್ಟಿಕೊಂಡು ಬಂದ ಅನುಮಾನದ ಜನ ಜಾಣರೆನಿಸಿಕೊಂಡರು. ಆ ಮೂರು ದಿನ ಮುಗಿಯಲು ಮೂರು ವರ್ಷ, ಒಂದು ತಿಂಗಳು ಹಿಡಿಯಿತು.

ಒಳಗಿದ್ದವರ ಸಂಖ್ಯೆ ಸಾಮಾನ್ಯವಾಗಿ ಮೂರು ಸಾವಿರದಿಂದ ನಾಲ್ಕು ಸಾವಿರದ ಆಸುಪಾಸಿನಲ್ಲಿತ್ತು. ಹೆಚ್ಚಿನವರು ಅಮೆರಿಕನ್ನರು, ಎರಡನೇ ದೊಡ್ಡ ಗುಂಪು ಬ್ರಿಟಿಷರದ್ದು. ಮುದುಕರಿದ್ದರು, ಹಸುಗೂಸುಗಳಿದ್ದವು. ಆಮೇಲೆ ಮನಿಲಾ ಕೊಲ್ಲಿಯ ಕೊರೆಜಿಡಾರ್ ದ್ವೀಪ ಜಪಾನಿಗಳ ಕೈಗೆ ಬಿದ್ದಾಗ ಸಿಕ್ಕ ಅಮೆರಿಕನ್ ಸೈನ್ಯದ ನರ್ಸುಗಳೂ ಇಲ್ಲಿಗೇ ಬಂದರು. ಕ್ಯಾಂಪಿನ ಆಸ್ಪತ್ರೆ ನಿಂತಿದ್ದೇ ಅವರಿಂದ ಎಂದರೂ ನಡೆಯುತ್ತದೆ.

ಒಬ್ಬರಿಗೆ ಒಂದು ಮಂಚದಷ್ಟು ಜಾಗ

ಕ್ಲಾಸ್‌ರೂಮುಗಳೇ ಮಲಗುವ ಕೋಣೆಗಳು. ಒಂದೊಂದರಲ್ಲಿ 30ರಿಂದ 50 ಜನ. ಗಂಡಸರು ಬೇರೆ, ಹೆಂಗಸರು ಬೇರೆ. ತಲೆಗೆ 16ರಿಂದ 22 ಚದರ ಅಡಿ ಜಾಗ. ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ನೆಂಟರೆಲ್ಲ ಸಾಲಾಗಿ ಮಲಗುತ್ತೇವಲ್ಲ, ಒಬ್ಬರ ಗೊರಕೆ, ಇನ್ನೊಬ್ಬರ ಕೆಮ್ಮು, ಯಾರದೋ ಮಗುವಿನ ಅಳು? ಹಾಗೆ. ಬೆಳಗ್ಗೆ ಎದ್ದು ಮನೆಗೆ ಹೋಗುವಂತಿಲ್ಲ, ಪಕ್ಕದವರು ನೆಂಟರೂ ಅಲ್ಲ.

ಮುಖ್ಯ ಕಟ್ಟಡದಲ್ಲಿದ್ದ ಸುಮಾರು 1,200 ಗಂಡಸರಿಗೆ 13 ಪಾಯಿಖಾನೆ, 12 ಷವರ್ ಇದ್ದವು. ಹಾಗಾಗಿ ಸಾಲು. ಪಾಯಿಖಾನೆಗೆ ಸಾಲು, ಸ್ನಾನಕ್ಕೆ ಸಾಲು, ಊಟಕ್ಕೆ ಸಾಲು, ತಟ್ಟೆ ತೊಳೆಯಲು ಸಾಲು. ಪಾಯಿಖಾನೆ ಬಾಗಿಲಲ್ಲಿ ಕಾಗದ ಎಣಿಸಿ ಕೊಡುವುದಕ್ಕೇ ಒಬ್ಬರಿಗೆ ಡ್ಯೂಟಿ ಇತ್ತು. ಒಂದೊಂದು ಷವರ್ ಕೆಳಗೆ ಹಲವರು ಒಟ್ಟಿಗೆ ನಿಲ್ಲಬೇಕಿತ್ತು. ಹೆಂಗಸರ ಬಚ್ಚಲಿನಲ್ಲಿ ಯಾರೋ ಒಂದು ಬೋರ್ಡು ಬರೆದು ಹಾಕಿದ್ದರು: ಏಕಾಂತ ಬೇಕಾದವರು ಕಣ್ಣು ಮುಚ್ಚಿಕೊಳ್ಳಿ.

ಒಳಗೆ ಆಡಳಿತ ನಡೆಸಿದ್ದು ಯಾರು?

ಕ್ಯಾಂಪ್ ಅಂದಕೂಡಲೇ ಪ್ರತಿ ಹೆಜ್ಜೆಗೂ ಒಬ್ಬ ಕಾವಲುಗಾರ ನಿಂತಿರುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಇಲ್ಲಿ ಹಾಗಿರಲಿಲ್ಲ. ಮೊದಲ ಎರಡು ವರ್ಷ ಜಪಾನಿನ ಸಿವಿಲ್ ಅಧಿಕಾರಿಗಳು ಮೇಲುಸ್ತುವಾರಿ ನೋಡಿಕೊಂಡರು. ಗೇಟು ಕಾಯುವುದು, ಹಾಜರಿ ತಗೊಳ್ಳುವುದು ಅವರ ಕೆಲಸ. ಉಳಿದದ್ದನ್ನೆಲ್ಲ ಬಂಧಿಗಳೇ ನೋಡಿಕೊಳ್ಳಬೇಕಿತ್ತು.

ಅವರು ಮಾಡಿಕೊಂಡರು ಕೂಡ. ಅರ್ಲ್ ಕ್ಯಾರೊಲ್ ಎಂಬ ಇನ್ಶೂರೆನ್ಸ್ ವ್ಯವಹಾರದ ವ್ಯಕ್ತಿ ಮೊದಲ ಮುಖ್ಯಸ್ಥರಾದರು. ಅವರ ಕೆಳಗೆ ಒಂದು ಸಮಿತಿ, ಪ್ರತಿ ಕೋಣೆಗೂ ಒಬ್ಬ ಮಾನಿಟರ್. ನೈರ್ಮಲ್ಯಕ್ಕೆ, ಅಡುಗೆಗೆ, ಕಸಕ್ಕೆ, ಶಿಸ್ತಿಗೆ ಬೇರೆಬೇರೆ ತಂಡಗಳು. ಆಸ್ಪತ್ರೆ, ಲೈಬ್ರರಿ, ಮಕ್ಕಳಿಗೆ ಶಾಲೆ, ಕದ್ದವರನ್ನು ವಿಚಾರಿಸಲು ಒಂದು ಕೋರ್ಟ್, ಒಂದು ಪತ್ರಿಕೆ. ಕೈಕಾಲು ಗಟ್ಟಿ ಇದ್ದವರೆಲ್ಲ ದಿನಕ್ಕೆ ಒಂದಿಷ್ಟು ಹೊತ್ತು ಕೆಲಸ ಮಾಡಬೇಕು. ಕಂಪನಿ ಮ್ಯಾನೇಜರ್ ಆಗಿದ್ದವರು ಪಾಯಿಖಾನೆ ತೊಳೆದರು. ಸಂಜೆ ಬಯಲಿನಲ್ಲಿ ನಾಟಕ, ಹಾಡು, ಹಾಸ್ಯ.

ಹೆಂಗಸರ ಒಂದು ದೊಡ್ಡ ಕೆಲಸ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು: ಅಕ್ಕಿ ಆರಿಸುವುದು. ಬಂದ ಅಕ್ಕಿ ಕೆಳಮಟ್ಟದ್ದು. ಕಲ್ಲು, ನುಸಿ, ಹುಳ ಜಾಸ್ತಿ. ಉದ್ದನೆಯ ಮೇಜಿನ ಎರಡೂ ಕಡೆ ಕೂತು, ಒಂದು ಹಿಡಿ ಅಕ್ಕಿ ಹರಡಿ, ಬೆರಳಲ್ಲಿ ಒಂದೊಂದೇ ಕಾಳು ಈಚೆಗೆ ಎಳೆದು ಆರಿಸುತ್ತಿದ್ದರು. ಸಾವಿರಾರು ಜನರ ಅಕ್ಕಿ ಅದು. ಮೊದಲ ದಿನಗಳಲ್ಲಿ ಹುಳ ಕಂಡರೆ ಅಸಹ್ಯಪಟ್ಟು ಎಸೆದರು. ಕೊನೆಯ ವರ್ಷ ಹುಳ ಆರಿಸುವುದನ್ನೇ ಬಿಟ್ಟರು. ಅದೂ ಆಹಾರವೇ ಅಲ್ವಾ ಎಂಬ ಲೆಕ್ಕಕ್ಕೆ ಬಂದಿದ್ದರು.

ಸ್ವಂತ ಆಡಳಿತ ಅಂದರೆ ಸ್ವಾತಂತ್ರ್ಯ ಅಂದುಕೊಳ್ಳಬೇಡಿ. 1942ರ ಫೆಬ್ರವರಿಯಲ್ಲಿ ಮೂವರು ಗೋಡೆ ಹಾರಿದರು. ಹಿಡಿದು ತಂದು, ಹೊಡೆದು, ಕೊನೆಗೆ ಗುಂಡಿಟ್ಟು ಕೊಂದರು. ಯಾರಾದರೂ ತಪ್ಪಿಸಿಕೊಂಡರೆ ಕೋಣೆಯ ಮಾನಿಟರೂ ಜವಾಬು ಕೊಡಬೇಕಿತ್ತು. ಅಂದರೆ ಬಂಧಿಗಳನ್ನು ಕಾಯುವ ಕೆಲಸದಲ್ಲಿ ಒಂದು ಪಾಲು ಬಂಧಿಗಳ ತಲೆಗೇ ಬಂತು. 1943ರ ಮೇ ತಿಂಗಳಲ್ಲಿ ಜಾಗ ಸಾಲದೆ 800 ಗಂಡಸರನ್ನು ಲಾಸ್ ಬಾನ್ಯೋಸ್ ಎಂಬಲ್ಲಿನ ಕೃಷಿ ಕಾಲೇಜಿಗೆ ಸಾಗಿಸಿದಾಗಲೂ ಹೀಗೇ. ಹುಕುಂ ಜಪಾನಿಗಳದ್ದು, ಅದನ್ನು ನಡೆಸಿಕೊಡುವ ಕೆಟ್ಟ ಹೆಸರು ಸಮಿತಿಯದ್ದು. ಸಮಿತಿಯವರು ಶತ್ರುವಿನ ಕೈಗೊಂಬೆಗಳಾ, ಅಥವಾ ಜನರನ್ನು ಉಳಿಸಿದವರಾ ಎಂಬ ಜಗಳ ಒಳಗಿದ್ದವರಲ್ಲೇ ಇತ್ತು. ಬೇರೆ ದಾರಿ ಇತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

ಗೇಟಿನ ಹತ್ತಿರ ಒಂದು ಸಾಲು

ಈ ಕ್ಯಾಂಪಿನ ಬದುಕು ಅರ್ಥವಾಗಬೇಕಾದರೆ ಗೇಟನ್ನು ನೋಡಬೇಕು.

ಜನರನ್ನು ಒಳಗೆ ತಂದು ಹಾಕಿದವರು ಊಟದ ಏರ್ಪಾಡು ಮಾಡಿರಲಿಲ್ಲ. ಮೊದಲ ದಿನಗಳಲ್ಲಿ ಇವರನ್ನು ಉಳಿಸಿದ್ದು ಬೇಲಿಯ ಹೊರಗೆ ಬಂದು ನಿಂತ ಫಿಲಿಪಿನೋ ಜನ. ಹಳೆಯ ಮನೆಗೆಲಸದವರು, ಸ್ನೇಹಿತರು, ಆಫೀಸಿನ ಗುಮಾಸ್ತರು. ಫಿಲಿಪಿನೋ ಹೆಣ್ಣನ್ನು ಮದುವೆಯಾದ ಅಮೆರಿಕನ್ ಗಂಡ ಒಳಗೆ, ಹೆಂಡತಿ ಹೊರಗೆ. ಅವಳೂ ಆ ಗುಂಪಿನಲ್ಲಿದ್ದಳು. ಬೇಲಿಯ ಮೇಲಿಂದ ಊಟ, ಬಟ್ಟೆ, ಹಾಸಿಗೆ ದಾಟಿಸಿದರು. ಜಪಾನಿಗಳು ಬೇಲಿಗೆ ಬಿದಿರಿನ ತಡಿಕೆ ಕಟ್ಟಿಸಿ ನೋಟ ಮರೆಮಾಡಿದರು. ಆದರೆ ಸಾಮಾನು ಬರುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಗೇಟಿನಲ್ಲಿ ಸಾಲು ಮಾಡಿಸಿ, ತಪಾಸಣೆ ಮಾಡಿ ಒಳಗೆ ಬಿಟ್ಟರು.

ಅಲ್ಲಿಂದ ಶುರುವಾಯಿತು ದಿನನಿತ್ಯದ ಗೇಟಿನ ಸಾಲು. ಹೊರಗಿನವರು ಕ್ಯಾರಿಯರ್, ಬುಟ್ಟಿ, ಗಂಟು ಹಿಡಿದು ಬರುತ್ತಾರೆ. ಹೆಸರು ಬರೆದ ಚೀಟಿ ಅಂಟಿಸಿರುತ್ತಾರೆ. ಕಾವಲಿನವರು ಬಿಚ್ಚಿ, ಬ್ರೆಡ್ಡಿನೊಳಗೆ ಪತ್ರ ಇದೆಯೇನೋ ಅಂತ ಹುಡುಕುತ್ತಾರೆ. ಆಮೇಲೆ ಒಳಗಿನವರಿಗೆ ಹಸ್ತಾಂತರ. ಕೊಳೆ ಬಟ್ಟೆ ಹೊರಗೆ ಹೋಗಿ ಇಸ್ತ್ರಿಯಾಗಿ ವಾಪಸ್ ಬರುತ್ತಿತ್ತು. ಜೈಲಿನಂಥ ಜಾಗದಲ್ಲಿ ಇಸ್ತ್ರಿ ಬಟ್ಟೆ ವಿಚಿತ್ರ ಅನ್ನಿಸಬಹುದು, ಆದರೆ ಮೊದಲ ಎರಡು ವರ್ಷ ಕ್ಯಾಂಪ್ ಹಾಗೇ ಇತ್ತು.

ಎಲ್ಲರಿಗೂ ಅಲ್ಲ, ಅದನ್ನೂ ಹೇಳಬೇಕು. ಹೊರಗೆ ಪರಿಚಯ, ದುಡ್ಡು ಇದ್ದವರಿಗೆ ಮಾತ್ರ ಬುಟ್ಟಿ ಬರುತ್ತಿತ್ತು. ಹಡಗಿನಿಂದ ಇಳಿದು ಮನಿಲಾದಲ್ಲಿ ಸಿಕ್ಕಿಕೊಂಡ ಪ್ರಯಾಣಿಕನಿಗೆ, ನಾವಿಕನಿಗೆ ಯಾರಿದ್ದಾರೆ? ಅಂಥವರು ಸಾಮೂಹಿಕ ಅಡುಗೆಮನೆಯ ಊಟವನ್ನೇ ನಂಬಿದ್ದರು. ಆ ಅಡುಗೆಮನೆಗೆ ಶುರುವಿನಲ್ಲಿ ರೆಡ್‌ಕ್ರಾಸ್ ದುಡ್ಡು ಹಾಕಿತು. 1942ರ ಮಧ್ಯದ ನಂತರ ಜಪಾನಿ ಆಡಳಿತ ತಲೆಗೆ ದಿನಕ್ಕೆ 70 ಸೆಂಟಾವೊ ಕೊಡಲು ಒಪ್ಪಿತು. ಒಂದು ಪೆಸೊಗೆ ನೂರು ಸೆಂಟಾವೊ. ಆ ದುಡ್ಡಿನಲ್ಲಿ ಸಮಿತಿಯವರೇ ಪೇಟೆಯಿಂದ ದಿನಸಿ ತರಿಸಬೇಕಿತ್ತು. ಬೆಲೆ ಏರುತ್ತಾ ಹೋದಂತೆ ತಟ್ಟೆ ಖಾಲಿಯಾಗುತ್ತಾ ಹೋಯಿತು.

ಗುಡಿಸಲಿನ ಓಣಿಗಳು

ಕೋಣೆಯ ಗದ್ದಲ ತಡೆಯಲಾಗದವರು ಮೈದಾನದಲ್ಲಿ ಗುಡಿಸಲು ಹಾಕಿಕೊಂಡರು. ಬಿದಿರು, ತಾಳೆ ಜಾತಿಯ ನೀಪಾ ಗರಿ, ಸಿಕ್ಕ ಹಲಗೆ. ಇವು 600ಕ್ಕೂ ಹೆಚ್ಚಾದವು. ಓಣಿಗಳಾದವು, ಓಣಿಗಳಿಗೆ ಹೆಸರಾಯಿತು. ಗ್ಲಾಮರ್‌ವಿಲ್, ಜಂಗಲ್‌ಟೌನ್ ಅಂತೆಲ್ಲ. ಹಗಲು ಸಂಸಾರ ಅಲ್ಲಿ ಒಟ್ಟಿಗೆ ಕೂತು ಊಟ ಮಾಡಬಹುದು, ಒಂದೆರಡು ಗಿಡ ಬೆಳೆಸಬಹುದು. ರಾತ್ರಿ ಮಾತ್ರ ಗಂಡ ಒಂದು ಕೋಣೆಗೆ, ಹೆಂಡತಿ ಇನ್ನೊಂದಕ್ಕೆ. ಒಳಗೆ ಏನು ನಡೆಯುತ್ತಿದೆ ಅಂತ ಕಾವಲಿನವರಿಗೆ ಕಾಣುವಂತೆ ಗುಡಿಸಲಿನ ಪಕ್ಕಗಳು ತೆರೆದೇ ಇರಬೇಕು. ಗಂಡಹೆಂಡತಿ ಕೂಡುವುದಕ್ಕೂ ನಿಷೇಧ ಇತ್ತು. ಕುಟುಂಬಗಳು ಗುಡಿಸಲಿನಲ್ಲೇ ರಾತ್ರಿ ಕಳೆಯಲು ಬಿಟ್ಟಿದ್ದು 1944ರಲ್ಲಿ. 1943ರ ನವೆಂಬರಿನ ಚಂಡಮಾರುತದಲ್ಲಿ ಈ ಗುಡಿಸಲುಗಳಿಗೆಲ್ಲ ನೀರು ನುಗ್ಗಿತು.

ಅದೇ ವರ್ಷದ ಡಿಸೆಂಬರಿನಲ್ಲಿ ರೆಡ್‌ಕ್ರಾಸ್ ಪಾರ್ಸೆಲ್ ಬಂತು. ತಲಾ 20 ಕಿಲೋಗೂ ಹೆಚ್ಚು ತೂಕ. ಡಬ್ಬಿ ಮಾಂಸ, ಬೆಣ್ಣೆ, ಹಾಲಿನ ಪುಡಿ, ಚಾಕೊಲೇಟ್. ದೊಡ್ಡ ಪ್ರಮಾಣದಲ್ಲಿ ಬಂದಿದ್ದು ಅದೊಂದೇ ಸಲ. ಅದನ್ನು ಎಷ್ಟು ದಿನ ಎಳೆದರು ಎಂಬುದರ ಮೇಲೆ ಮುಂದಿನ ವರ್ಷ ಹಲವರ ಜೀವ ನಿಂತಿತು.

ಗೇಟು ಮುಚ್ಚಿದ ಮೇಲೆ

1944ರ ಶುರುವಿನಲ್ಲಿ ಕ್ಯಾಂಪ್ ಸಿವಿಲ್ ಅಧಿಕಾರಿಗಳ ಕೈಯಿಂದ ಜಪಾನಿ ಸೈನ್ಯದ ಕೈಗೆ ಹೋಯಿತು. ಸೈನ್ಯ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಗೇಟಿನ ಸಾಲು ಬಂದ್ ಮಾಡಿದ್ದು. ಬುಟ್ಟಿ ಇಲ್ಲ, ಚೀಟಿ ಇಲ್ಲ, ಪೇಟೆಯ ದಿನಸಿ ಇಲ್ಲ. ದುಡ್ಡಿನ ಬದಲು ಸೈನ್ಯವೇ ಅಕ್ಕಿ, ಜೋಳ ಅಳೆದು ಕೊಡುತ್ತದೆ ಎಂಬ ಏರ್ಪಾಡು.

ಯಾಕೆ ಹೀಗಾಯಿತು? ಕಾರಣಗಳು ಹೆಣೆದುಕೊಂಡಿವೆ. ಯುದ್ಧ ಜಪಾನಿನ ವಿರುದ್ಧ ತಿರುಗಿತ್ತು. ಹಡಗುಗಳು ಮುಳುಗುತ್ತಿದ್ದವು. ದೇಶವನ್ನು ಹಿಡಿದಿದ್ದ ಜಪಾನಿ ಆಡಳಿತ ಅಚ್ಚು ಹಾಕಿದ ನೋಟಿಗೆ ಬೆಲೆಯೇ ಇರಲಿಲ್ಲ. ಮನಿಲಾದ ಫಿಲಿಪಿನೋ ಜನರೂ ಹಸಿದಿದ್ದರು. ಆದರೆ ಬರೀ ಕೊರತೆಯೇ ಕಾರಣ ಅಂದರೆ ಅರ್ಧ ಸತ್ಯ. ಹೊರಗಿನಿಂದ ಕೊಡುವ ಮನಸ್ಸಿದ್ದವರನ್ನೂ ತಡೆದದ್ದು ಸೈನ್ಯದ ತೀರ್ಮಾನ.

ತಟ್ಟೆಗೆ ಬೀಳುತ್ತಿದ್ದದ್ದು ಲುಗಾವ್, ಅಂದರೆ ನೀರುನೀರಾದ ಅಕ್ಕಿ ಗಂಜಿ. ಜೊತೆಗೆ ಕ್ಯಾಂಪಿನ ತೋಟದಲ್ಲಿ ಬೆಳೆದ ಸೊಪ್ಪು. 1944ರ ಕೊನೆಗೆ ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದದ್ದು ಸಾವಿರ ಕ್ಯಾಲೊರಿಗಿಂತ ಕಮ್ಮಿ. ದೊಡ್ಡವರಿಗೆ ಬೇಕಾದದ್ದು ಅದರ ಎರಡರಷ್ಟು. ದಾಸವಾಳದ ಎಲೆ, ಹೂಗಿಡದ ಗೆಡ್ಡೆ ಬೇಯಿಸಿ ತಿಂದರು. ಪಾರಿವಾಳ, ಬೆಕ್ಕು ಕಾಣೆಯಾದವು. ಉಂಗುರ, ವಜ್ರ ಕೊಟ್ಟು ಸಕ್ಕರೆ, ಅಕ್ಕಿ ಕೊಂಡರು. ವಿಟಮಿನ್ ಕೊರತೆಯಿಂದ ಕಾಲು ಊದುವ ಬೆರಿಬೆರಿ ಹಬ್ಬಿತು. ಆ ಹಸಿವಿನಲ್ಲೇ ಅಡುಗೆ ಬರೆಯುವ ಹುಚ್ಚು ಶುರುವಾಯಿತು. ಗಂಡಸರು, ಹೆಂಗಸರು ನೋಟ್‌ಬುಕ್ಕು, ಹರಿದ ಕಾಗದ ಹಿಡಿದು ಕೇಕು, ರೋಸ್ಟು, ಪುಡಿಂಗು ಮಾಡುವ ವಿಧಾನ ಒಬ್ಬರಿಂದ ಒಬ್ಬರು ಕೇಳಿ ಬರೆದುಕೊಳ್ಳುತ್ತಾ ಕೂರುತ್ತಿದ್ದರು.

1945ರ ಜನವರಿಯ ಹೊತ್ತಿಗೆ ಗಂಡಸರು ಸರಾಸರಿ 20 ಕಿಲೋಗೂ ಹೆಚ್ಚು, ಹೆಂಗಸರು ಸರಾಸರಿ 14 ಕಿಲೋಗೂ ಹೆಚ್ಚು ತೂಕ ಕಳೆದುಕೊಂಡಿದ್ದರು. ಸಾವುಗಳು ಜಾಸ್ತಿಯಾದವು. ಕ್ಯಾಂಪಿನ ಡಾಕ್ಟರ್ ಥಿಯೋಡರ್ ಸ್ಟೀವನ್‌ಸನ್ ಮರಣಪತ್ರಗಳಲ್ಲಿ ಹಸಿವು, ಅಪೌಷ್ಟಿಕತೆ ಎಂದು ಕಾರಣ ಬರೆದರು. ಅದನ್ನು ಅಳಿಸಿ ಬೇರೆ ಬರೆಯಿರಿ ಎಂದು ಸೈನ್ಯ ಹೇಳಿತು. ಅವರು ಒಪ್ಪಲಿಲ್ಲ. ಅದಕ್ಕೆ ಕ್ಯಾಂಪಿನ ಜೈಲಿಗೆ ಹಾಕಿದರು. ಸಮಿತಿಯ ಆಗಿನ ಮುಖ್ಯಸ್ಥ ಕ್ಯಾರೊಲ್ ಗ್ರಿನೆಲ್ ಮತ್ತು ಇನ್ನೂ ಮೂವರನ್ನು ಮಿಲಿಟರಿ ಪೊಲೀಸರು ಎಳೆದುಕೊಂಡು ಹೋದರು. ನಾಲ್ವರನ್ನೂ ಕೊಂದದ್ದು ಗೊತ್ತಾಗಿದ್ದು ಆಮೇಲೆ. ಮೂರು ವರ್ಷಗಳಲ್ಲಿ ಎಲ್ಲ ಕಾರಣಗಳಿಂದ ಸತ್ತವರು ಸುಮಾರು 390.

1945ರ ಫೆಬ್ರವರಿ 3ರ ರಾತ್ರಿ ಅಮೆರಿಕದ ಟ್ಯಾಂಕುಗಳು ಗೇಟು ಮುರಿದು ಒಳಗೆ ಬಂದವು. ಸುಮಾರು 3,700 ಜನ ಬಿಡುಗಡೆಯಾದರು. ಆದರೂ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಒಂದು ಕಟ್ಟಡದಲ್ಲಿ ಕಾವಲಿನವರು ಇನ್ನೂರರಷ್ಟು ಜನರನ್ನು ಒತ್ತೆ ಇಟ್ಟುಕೊಂಡರು. ಕಾವಲಿನವರಿಗೆ ಹೊರಹೋಗಲು ದಾರಿ ಬಿಡುವ ಒಪ್ಪಂದದ ಮೇಲೆ ಒತ್ತೆಯಲ್ಲಿದ್ದವರೂ ಪಾರಾದರು. ನಾಲ್ಕು ದಿನದ ನಂತರ ಜಪಾನಿ ಫಿರಂಗಿಗಳು ಕ್ಯಾಂಪಿನ ಮೇಲೆ ಗುಂಡು ಸುರಿಸಿದವು. ಮೂರು ವರ್ಷ ಬದುಕುಳಿದವರಲ್ಲಿ ಕೆಲವರು ಆಗ ಸತ್ತರು.

ಆಗ ಕಾನೂನು ಇರಲಿಲ್ಲವೇ?

ಸೈನಿಕರಿಗೆ ಇತ್ತು. 1929ರ ಜಿನೀವಾ ಒಪ್ಪಂದ ಯುದ್ಧಕೈದಿಗಳ ಬಗ್ಗೆ. ನಾಗರಿಕರಿಗಾಗಿ 1934ರಲ್ಲಿ ಒಂದು ಕರಡು ತಯಾರಾಗಿತ್ತು. ಅದು ತಯಾರಾಗಿದ್ದು ಟೋಕಿಯೊದಲ್ಲೇ. ಅದಕ್ಕೆ ದೇಶಗಳು ಸಹಿ ಹಾಕುವ ಮೊದಲೇ ಯುದ್ಧ ಬಂತು. ಹಾಗಾಗಿ ಸ್ಯಾಂಟೊ ಟೋಮಸ್‌ನಂಥ ಕ್ಯಾಂಪುಗಳಲ್ಲಿದ್ದವರಿಗೆ ತೋರಿಸಲು ತಮಗಾಗಿಯೇ ಬರೆದ ಒಂದು ನಿಯಮದ ಪುಸ್ತಕ ಇರಲಿಲ್ಲ.

ಈಗ ಇದೆ. 1949ರ ನಾಲ್ಕನೇ ಜಿನೀವಾ ಒಪ್ಪಂದ ಪೂರ್ತಿ ನಾಗರಿಕರಿಗಾಗಿಯೇ. ಭಾರತವೂ ಒಪ್ಪಿಕೊಂಡಿದೆ. ಅದರ ಕಲಮುಗಳನ್ನು ಓದಿದರೆ ಇಂಥ ಕ್ಯಾಂಪುಗಳನ್ನು ನೋಡಿಯೇ ಬರೆದ ಹಾಗಿದೆ. ಹಿಡಿದಿಟ್ಟವರೇ ಊಟ, ವೈದ್ಯಕೀಯ ಖರ್ಚು ನೋಡಿಕೊಳ್ಳಬೇಕು. ಹೊರಗಿನಿಂದ ಪಾರ್ಸೆಲ್ ಬರಲು ಬಿಡಬೇಕು. ಸಾಧ್ಯವಾದ ಕಡೆ ಕುಟುಂಬದವರು ಒಂದೇ ಕಡೆ ಇರಬೇಕು. ಸತ್ತರೆ ಡಾಕ್ಟರ್ ದೃಢೀಕರಿಸಿ, ಸಾವಿನ ಕಾರಣ ಮತ್ತು ಸಂದರ್ಭವನ್ನು ಮರಣಪತ್ರದಲ್ಲಿ ಬರೆಯಬೇಕು.

ಕಾನೂನಿಗೆ ಸಂದುಗಳೂ ಇವೆ. ಅದು ಮುಖ್ಯವಾಗಿ ರಕ್ಷಿಸುವುದು ಶತ್ರುದೇಶದ ಪ್ರಜೆಗಳನ್ನು. ಒಂದು ಸರ್ಕಾರ ತನ್ನದೇ ಪ್ರಜೆಗಳನ್ನು ಅವರ ಮೂಲ ನೋಡಿ ಕೂಡಿಹಾಕಿದರೆ ವಿಷಯ ಜಟಿಲ. 1962ರಲ್ಲಿ ಚೀನಾ ಜೊತೆ ಯುದ್ಧವಾದಾಗ ನಮ್ಮ ಸರ್ಕಾರ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ಸಾಗಿಸಿತು. ಅಸ್ಸಾಂ, ಬಂಗಾಳದ ಕಡೆಯವರು ಅವರಲ್ಲಿ ಬಹಳ. ಎಷ್ಟೋ ಜನ ಇಲ್ಲೇ ಹುಟ್ಟಿ ಬೆಳೆದವರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು.

ಹೊರದೇಶದಲ್ಲಿ ಮಕ್ಕಳಿರುವವರು ತಿಳಿದಿರಬೇಕಾದದ್ದು ಇಷ್ಟು. ಒಪ್ಪಂದದ ಪ್ರಕಾರ, ಯುದ್ಧ ಶುರುವಾದಾಗ ಆ ದೇಶ ಬಿಟ್ಟು ಹೊರಡಲು ಅರ್ಜಿ ಹಾಕುವ ಹಕ್ಕು ಅವರಿಗಿದೆ. ದೇಶದ ಹಿತಕ್ಕೆ ಧಕ್ಕೆ ಎಂಬ ಕಾರಣಕ್ಕೆ ಮಾತ್ರ ನಿರಾಕರಿಸಬಹುದು. ಕೂಡಿಹಾಕಿದರೆ ಆ ತೀರ್ಮಾನವನ್ನು ಕೋರ್ಟ್ ಅಥವಾ ಒಂದು ಮಂಡಳಿ ಮತ್ತೆ ಪರಿಶೀಲಿಸಬೇಕು, ಆಮೇಲೂ ವರ್ಷಕ್ಕೆ ಕನಿಷ್ಠ ಎರಡು ಸಲ ನೋಡಬೇಕು. ರೆಡ್‌ಕ್ರಾಸ್‌ನವರು ಒಳಗೆ ಬಂದು, ಕಾವಲಿನವರನ್ನು ದೂರವಿಟ್ಟು, ಬಂಧಿಗಳ ಜೊತೆ ಮಾತಾಡಬಹುದು. ಕ್ಯಾಂಪಿಗೆ ಬಂದ ಒಂದು ವಾರದೊಳಗೆ ಪ್ರತಿಯೊಬ್ಬರಿಗೂ ಮನೆಗೆ ಒಂದು ಕಾರ್ಡ್ ಕಳಿಸಲು ಅವಕಾಶ ಕೊಡಬೇಕು: ಎಲ್ಲಿದ್ದೇನೆ, ಆರೋಗ್ಯ ಹೇಗಿದೆ ಅಂತ. ಆಮೇಲೆ ಪತ್ರಗಳಿಗೆ ಮಿತಿ ಹಾಕಿದರೂ, ತಿಂಗಳಿಗೆ ಎರಡು ಪತ್ರ, ನಾಲ್ಕು ಕಾರ್ಡಿಗಿಂತ ಕಮ್ಮಿ ಮಾಡುವಂತಿಲ್ಲ.